ಹಿತ್ತಿಲ ಜಾವಾ: ಜೀರ್ಣೋದ್ಧಾರವೋ, ಹೊಸ ವೇಷವೋ?



ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಮಾತಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದಾನ ಕೊಟ್ಟು, ಅದರ ಆದಾಯ ಯಾವ ಯಾವುದಕ್ಕೆ ಸಲ್ಲಬೇಕು ಎಂದು ಕಲ್ಲಿನ ಮೇಲೆ ಬರೆಸುವಾಗ, ಪೂಜೆ, ನೈವೇದ್ಯ, ಆಹಾರದಾನಗಳ ಜೊತೆಗೆ ಈ ಮಾತೂ ಬರುತ್ತದೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಮುರಿದದ್ದನ್ನು, ಬಿರಿದದ್ದನ್ನು, ಜೀರ್ಣವಾದದ್ದನ್ನು ಮತ್ತೆ ಎತ್ತಿ ನಿಲ್ಲಿಸಬೇಕು ಎಂಬುದು ಅದರ ಆಶಯ. ಕಟ್ಟಿದ್ದು ಎಂದಾದರೊಂದು ದಿನ ಹಾಳಾಗುತ್ತದೆ, ಆಗ ಯಾರಾದರೂ ಬಂದು ಸರಿಮಾಡಬೇಕಾಗುತ್ತದೆ ಎಂಬುದು ಅಂದಿನವರಿಗೆ ಗೊತ್ತಿತ್ತು. ಆ ಖರ್ಚಿಗೂ ಅವರು ದಾರಿ ಮಾಡಿಟ್ಟಿದ್ದರು.

ಗುಡಿಯ ಮಾತಿಗೂ ಮೋಟಾರ್ ಸೈಕಲ್ಲಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಸಂಬಂಧವಿದೆ. ಇಂದು ಅನೇಕ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿಯುವುದು, ಶಾಸನವಿದ್ದ ಚಪ್ಪಡಿಯ ಮೇಲೆ ಟೈಲ್ಸ್ ಕೂರಿಸುವುದು ನಡೆಯುತ್ತದೆ. ಮಾಡಿದವರಿಗೆ ಭಕ್ತಿ ಕಡಿಮೆ ಏನಿಲ್ಲ. ಆದರೆ ಕೆಲಸ ಮುಗಿದಾಗ ಗುಡಿ ಹೊಳೆಯುತ್ತದೆ, ಅದರ ಚರಿತ್ರೆ ಮುಚ್ಚಿಹೋಗಿರುತ್ತದೆ. ಹಳೆಯ ಮೋಟಾರ್ ಸೈಕಲ್ ಒಂದನ್ನು ಮನೆಯ ಹಿತ್ತಿಲಲ್ಲಿ ಬಿಚ್ಚಿ ಕುಳಿತವನ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ಅವನು ಮಾಡುವುದು ಜೀರ್ಣೋದ್ಧಾರವೋ, ಅಥವಾ ಹಳೆಯದಕ್ಕೆ ಹೊಸ ವೇಷ ಹಾಕುವುದೋ?

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಕೇಳುವಾಗ ಮೊದಲು ನೆನಪಾಗುವ ಗಾಡಿ ಜಾವಾ. ಅದು ಮೈಸೂರಿನಲ್ಲಿ ತಯಾರಾದ ಗಾಡಿ.

ಪ್ರಾಗ್‌ನಿಂದ ಯಾದವಗಿರಿಗೆ

ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಯಾವ ನಂಟೂ ಇಲ್ಲ. ಝೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಕೆಯಲ್ಲಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಮೋಟಾರ್ ಸೈಕಲ್ ತಯಾರಿಕೆಗೆ ಕೈಹಾಕಿದ. ಜರ್ಮನಿಯ ವಾಂಡರರ್ ಕಂಪನಿಯ 500 ಸಿ.ಸಿ. ಗಾಡಿಯನ್ನು ತಯಾರಿಸುವ ಹಕ್ಕನ್ನು ಆತ ಪಡೆದುಕೊಂಡಿದ್ದ. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ, ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಅದು ಹೊರಬಂತು. 1950ರ ದಶಕದ ನಡುವಿನ ಹೊತ್ತಿಗೆ ಅದರ ವಂಶದಲ್ಲೇ ಬಂದ ‘353’ ಎಂಬ ಮಾದರಿಯ ತಳಿಯೇ ಮುಂದೆ ಮೈಸೂರಿನ ಜಾವಾ ಆಯಿತು.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ವಿದೇಶಿ ಗಾಡಿಗಳ ಆಮದಿಗೆ ಕಡಿವಾಣ ಬಿತ್ತು. ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಇಲ್ಲಿಯೇ ತಯಾರಿಸಲು ಮುಂದಾದರು. ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ಎದ್ದಿತು. 1961ರಲ್ಲಿ ಉತ್ಪಾದನೆ ಆರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಝೆಕ್ ಕಂಪನಿಯೊಂದಿಗಿನ ಒಪ್ಪಂದದ ಕಾಲ ಮುಗಿದ ಮೇಲೆ, 1970ರ ದಶಕದಲ್ಲಿ, ಗಾಡಿಯ ಹೆಸರು ‘ಯೆಜ್ಡಿ’ ಎಂದಾಯಿತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. ಆ ದಶಕದ ಕೊನೆಯ ಹೊತ್ತಿಗೆ ಬಂದ ‘ರೋಡ್‌ಕಿಂಗ್’ ಅದರ ಪ್ರಸಿದ್ಧ ಮಾದರಿ.

1980ರ ದಶಕದ ಮಧ್ಯದಲ್ಲಿ ಜಪಾನಿ ಕಂಪನಿಗಳ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಅವು ಹಗುರ, ಅವುಗಳಿಗೆ ಪೆಟ್ರೋಲ್ ಖರ್ಚೂ ಕಡಿಮೆ. ಭಾರವಾದ, ಹೊಗೆಯುಗುಳುವ, ಪೆಟ್ರೋಲನ್ನು ಧಾರಾಳವಾಗಿ ಕುಡಿಯುವ ಯೆಜ್ಡಿಗೆ ಗಿರಾಕಿಗಳು ಕಡಿಮೆಯಾದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ, ಯೆಜ್ಡಿ ಎಂಬ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಬೇರೆ ಕಂಪನಿಯ, ಬೇರೆ ಊರಿನಲ್ಲಿ ತಯಾರಾಗುವ, ಬೇರೆ ಬಗೆಯ ಎಂಜಿನ್ನಿನ ಗಾಡಿಗಳು.

ಯಾದವಗಿರಿಯಲ್ಲಿ ಮೂರೂವರೆ ದಶಕ ನಡೆದ ಕೆಲಸದ ಗುರುತು ಇಂದು ಎಲ್ಲಿ ಉಳಿದಿದೆ? ಅಲ್ಲಿ ದುಡಿದವರ ನೆನಪಿನಲ್ಲಿ ಒಂದಿಷ್ಟು. ಉಳಿದದ್ದೆಲ್ಲ ಆ ಗಾಡಿಗಳ ಮೈಯಲ್ಲಿ. ಎರಕದ ಮೇಲಿನ ಗುರುತು, ಬೆಸುಗೆಯ ಸಾಲು, ಬೋಲ್ಟಿನ ತಲೆ, ಬಣ್ಣದ ಅಡಿಪದರ ಎಲ್ಲವೂ ಆ ಕಾರ್ಖಾನೆಯ ದಾಖಲೆಗಳೇ. ಹಿತ್ತಿಲಲ್ಲಿ ಕುಳಿತು ಸುಲಭವೆಂದು ಒಂದು ಭಾಗವನ್ನು ಗುಜರಿಗೆ ಹಾಕಿದರೆ, ಆ ದಾಖಲೆಯ ಒಂದು ಪುಟ ಹರಿದುಹೋದಂತೆಯೇ. ಅದನ್ನು ಮತ್ತೆ ಅಚ್ಚು ಹಾಕಲು ಕಾರ್ಖಾನೆ ಇಲ್ಲ.

ಬಿಚ್ಚುವ ಮೊದಲು

ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಮಂಡ್ಯದ ಕಡೆಯ ಒಂದು ಮನೆ. ಹಿತ್ತಿಲ ಕೊಟ್ಟಿಗೆಯಲ್ಲಿ ಒಂದು ಜಾವಾ ನಿಂತು ಇಪ್ಪತ್ತು ವರ್ಷವಾಗಿದೆ. ಮನೆಯ ಯಜಮಾನ ಅದರ ಮೇಲೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದವರು. ಅವರು ತೀರಿಕೊಂಡಿದ್ದಾರೆ. ನಗರದಲ್ಲಿ ಕೆಲಸಕ್ಕಿರುವ ಮಗ ರಜೆಯಲ್ಲಿ ಬಂದು, ಅಪ್ಪನ ಗಾಡಿಯನ್ನು ಮತ್ತೆ ಓಡಿಸಬೇಕೆಂದು ಪಾನಾ ಹಿಡಿದಿದ್ದಾನೆ. ಇಂಥ ಮನೆಗಳು ಈ ನಾಡಿನಲ್ಲಿ ಅನೇಕ.

ಅವನು ಮಾಡಬಾರದ ಮೊದಲ ಕೆಲಸವೆಂದರೆ ಕಿಕ್ ಹೊಡೆಯುವುದು. ಜಾವಾದ ಕಿಕ್ಕರ್ ಒಂದು ಜಾಣ ಕೆಲಸಗಾರಿಕೆ. ಗೇರು ಹಾಕುವ ಕಡ್ಡಿಯೂ ಅದೇ, ಕಿಕ್ ಹೊಡೆಯುವ ಕಡ್ಡಿಯೂ ಅದೇ. ಎಡಗಡೆಯ ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ; ಎಂಜಿನ್ ಶುರುವಾದ ಮೇಲೆ ಮತ್ತೆ ಗೇರಿನ ಜಾಗಕ್ಕೆ ಬರುತ್ತದೆ. ಆದರೆ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ನಿನ ಉಂಗುರಗಳು, ಅಂದರೆ ರಿಂಗುಗಳು, ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತವೆ. ಆವೇಶದಿಂದ ಕಿಕ್ ಹೊಡೆದರೆ ರಿಂಗು ಮುರಿದು, ಅದರ ಚೂರು ಸಿಲಿಂಡರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ಸುಮ್ಮನಿರಬೇಕು. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಜಗ್ಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಈ ಕೆಲಸದಲ್ಲಿ ಅವಸರ ಮಾಡಿದವನು ಖರ್ಚನ್ನು ಇಮ್ಮಡಿ ಮಾಡಿಕೊಳ್ಳುತ್ತಾನೆ.

ಎರಡನೆಯ ಕೆಲಸ ಬರೆದಿಟ್ಟುಕೊಳ್ಳುವುದು. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಬೇಕು. ಯಾವ ವೈರು ಎಲ್ಲಿಗೆ ಹೋಗುತ್ತದೆ, ಯಾವ ವಾಷರು ಯಾವ ಬೋಲ್ಟಿನದು ಎಂದು ಚೀಟಿ ಅಂಟಿಸಿ, ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕು. ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಆರ್.ಸಿ. ಪುಸ್ತಕದೊಂದಿಗೆ ಹೋಲಿಸಿ ನೋಡಬೇಕು. ಹಣ ಸುರಿದ ಮೇಲೆ ನಂಬರು ತಾಳೆಯಾಗುವುದಿಲ್ಲವೆಂದು ತಿಳಿದರೆ ಗಾಡಿ ಅಂಗಳದ ಗೊಂಬೆಯಾಗಿ ಉಳಿಯುತ್ತದೆ.

ಎಂಜಿನ್ನಿನ ಉಸಿರು

ಜಾವಾದ ಎಂಜಿನ್ ಎರಡು ಹೊಡೆತದ್ದು, ಟೂ ಸ್ಟ್ರೋಕ್. ಸಿಲಿಂಡರಿನ ಒಳ ಅಗಲ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ.; ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರು. ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡು. ಆ ಗಾಡಿಯ ‘ಡುಗ್ ಡುಗ್’ ಸದ್ದನ್ನು ದೂರದಿಂದಲೇ ಗುರುತಿಸುವವರು ಇಂದಿಗೂ ಇದ್ದಾರೆ.

ಇದರ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಪಿಸ್ಟನ್ ಮೇಲೆ ಹೋಗುವಾಗ, ಅದರ ಕೆಳಗಿನ ಕ್ರ್ಯಾಂಕ್ ಗೂಡಿಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಬರುತ್ತದೆ. ಪಿಸ್ಟನ್ ಕೆಳಗೆ ಬರುವಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಗೋಡೆಯಲ್ಲಿರುವ ದಾರಿಗಳಿಂದ ಮೇಲಕ್ಕೆ ನುಗ್ಗುತ್ತದೆ. ಅಲ್ಲಿ ಕಿಡಿ ತಗುಲಿ ಉರಿಯುತ್ತದೆ. ಕ್ರ್ಯಾಂಕ್ ಗೂಡಿನಲ್ಲಿ ಪೆಟ್ರೋಲ್ ಮಿಶ್ರಣವೇ ಓಡಾಡುವುದರಿಂದ ಅಲ್ಲಿ ಬೇರೆಯಾಗಿ ಎಣ್ಣೆ ತುಂಬಿಡಲು ಆಗದು. ಆದ್ದರಿಂದಲೇ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಳೆಯ ಜಾವಾಕ್ಕೆ 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ ಲೀಟರಿಗೆ 40 ಮಿ.ಲೀ., ಎಂಬುದು ವಾಡಿಕೆಯ ಲೆಕ್ಕ.

ಈ ವಿವರ ತಿಳಿದವನಿಗೆ ರೋಗ ಎಲ್ಲಿರುತ್ತದೆ ಎಂಬುದೂ ತಿಳಿಯುತ್ತದೆ. ಕ್ರ್ಯಾಂಕ್ ಗೂಡಿನಿಂದ ಗಾಳಿ ಸೋರಬಾರದು. ಅದರ ಎರಡೂ ಕಡೆ ರಬ್ಬರಿನ ಆಯಿಲ್ ಸೀಲುಗಳಿರುತ್ತವೆ. ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಆಗ ಹೊರಗಿನ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ತನ್ನಷ್ಟಕ್ಕೆ ರೇಸ್ ಆಗುತ್ತದೆ, ವಿಪರೀತ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ದೋಷವೆಂದು ವಾರಗಟ್ಟಲೆ ಅದರ ಸ್ಕ್ರೂ ತಿರುಗಿಸುತ್ತ ಕೂತವರು ಕೊನೆಗೆ ಅಗ್ಗದ ಸೀಲೊಂದನ್ನು ಬದಲಿಸಿ ನಿಟ್ಟುಸಿರು ಬಿಡುವುದುಂಟು.

ಸಿಲಿಂಡರಿನ ವಿಷಯ ಇನ್ನೂ ಸ್ವಾರಸ್ಯಕರ. ಅದು ಎರಕದ ಕಬ್ಬಿಣದ್ದು. ಸವೆದಾಗ ಎಸೆಯಬೇಕಾಗಿಲ್ಲ. ಲೇತ್ ಅಂಗಡಿಯಲ್ಲಿ ಒಳಗೋಡೆಯನ್ನು ಒಂದು ಪದರ ಕೊರೆದು, ಅಂದರೆ ಬೋರ್ ಮಾಡಿಸಿ, ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ದಪ್ಪನಾದ ಪಿಸ್ಟನ್ ಹಾಕಿದರೆ ಮತ್ತೆ ಹೊಸದರಂತೆ ಓಡುತ್ತದೆ. ಹೀಗೆ ಒಂದೇ ಸಿಲಿಂಡರಿಗೆ ಹಲವು ಆಯುಷ್ಯ. ಹಾಗಾಗಿ ಕೊರೆಯುವ ಮೊದಲು ಅಳೆದು ನೋಡಬೇಕು. ಎಷ್ಟು ಬೇಕೋ ಅಷ್ಟೇ ತೆಗೆಯಬೇಕು. ಅನಗತ್ಯವಾಗಿ ಒಮ್ಮೆಗೇ ಒಂದು ಮಿಲಿಮೀಟರು ಕೊರೆದುಬಿಟ್ಟರೆ, ಮುಂದೆ ಬರುವವನ ಪಾಲಿನ ಲೋಹವನ್ನೂ ಇವನೇ ತಿಂದಂತಾಗುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಕ್ರ್ಯಾಂಕಿನ ಭಾಗಗಳನ್ನು ಭಾರೀ ಒತ್ತಡದಲ್ಲಿ ಒಂದಕ್ಕೊಂದು ಕೂರಿಸಿರುತ್ತಾರೆ. ಕನೆಕ್ಟಿಂಗ್ ರಾಡಿನ ಬೇರಿಂಗು ಹೋದರೆ ಪ್ರೆಸ್ ಯಂತ್ರವೂ, ನೇರ ಅಳೆಯುವ ಡಯಲ್ ಗೇಜೂ ಇರುವವರ ಹತ್ತಿರವೇ ಹೋಗಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಕ್ರ್ಯಾಂಕು ಮೊದಲ ಐವತ್ತು ಮೈಲಿಯಲ್ಲೇ ಸೇಡು ತೀರಿಸಿಕೊಳ್ಳುತ್ತದೆ.

ಕಿಡಿ, ಪೆಟ್ರೋಲು, ಬ್ರೇಕು

ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಇದರ ದೀಪ ಮಂಕು, ಇದನ್ನು ನಂಬಲಾಗದು ಎಂಬ ದೂರು ಹಳೆಯದು. ಆದರೆ ಕಾರಣ ತಿಳಿದರೆ ಪರಿಹಾರವೂ ಇದೆ. 24 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 2 ಆಂಪಿಯರು ಸಾಕು. 6 ವೋಲ್ಟಿನಲ್ಲಿ 4 ಬೇಕು. ಕರೆಂಟು ಇಮ್ಮಡಿಯಾದಷ್ಟೂ ತುಕ್ಕು ಹಿಡಿದ ಜೋಡಣೆಗಳಲ್ಲಿ ನಷ್ಟ ಹೆಚ್ಚು. ಆದ್ದರಿಂದ ಎಲ್ಲ ಅರ್ಥ್ ಜಾಗಗಳನ್ನು ಲೋಹ ಹೊಳೆಯುವಂತೆ ಉಜ್ಜಿ, ಬಿರುಕು ಬಿಟ್ಟ ವೈರುಗಳನ್ನು ತಕ್ಕ ದಪ್ಪದ ಹೊಸ ವೈರುಗಳಿಂದ ಬದಲಿಸಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಪಾಯಿಂಟುಗಳ ನಡುವಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಟ್ಟು ಅಳೆಯಲು ಐದು ನಿಮಿಷ ಸಾಕು.

ಪೆಟ್ರೋಲ್ ಟ್ಯಾಂಕಿನ ಒಳಗೆ ಇಪ್ಪತ್ತು ವರ್ಷದ ತುಕ್ಕು ಇರುತ್ತದೆ. ಅದನ್ನು ಕರಗಿಸಿ, ತೊಳೆದು, ಪೂರ್ತಿ ಒಣಗಿಸದೆ ಹೊಸ ಪೆಟ್ರೋಲು ಹಾಕಿದರೆ ಕಾರ್ಬ್ಯುರೇಟರಿನ ಜೆಟ್ಟು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಇಂದಿನ ಪೆಟ್ರೋಲಿನ ಒಂದು ಹೊಸ ತೊಡಕೂ ಇದೆ. 2023ರಿಂದ ದೇಶದಲ್ಲಿ ಹಂತಹಂತವಾಗಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರು ಕೊಳವೆ, ವಾಷರುಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಜಾವಾವನ್ನು ರೂಪಿಸಿದವರು ಇಂಥ ಪೆಟ್ರೋಲನ್ನು ಕಂಡವರಲ್ಲ. ಆದ್ದರಿಂದ ಪೆಟ್ರೋಲ್ ಹಾಯುವ ರಬ್ಬರನ್ನೆಲ್ಲ ಎಥನಾಲ್ ತಡೆಯುವ ಹೊಸ ಬಗೆಯದಕ್ಕೆ ಬದಲಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಬರಿದು ಮಾಡುವುದು ಒಳ್ಳೆಯದು. ಸೋರುವ ಟ್ಯಾಂಕನ್ನು ಹಾಗೆಯೇ ಬೆಸುಗೆಗೆ ಕೊಡುವುದಂತೂ ಕೂಡದು. ಖಾಲಿ ಟ್ಯಾಂಕಿನೊಳಗಿನ ಆವಿ, ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಬ್ರೇಕಿನ ವಿಷಯದಲ್ಲಿ ಭಾವುಕತೆಗೆ ಜಾಗವಿಲ್ಲ. ಲೈನರು, ಕೇಬಲ್ಲು, ಟೈರು, ಟ್ಯೂಬುಗಳು ನೋಡಲು ಚೆನ್ನಾಗಿದ್ದರೂ ಬದಲಿಸಲೇಬೇಕು. ಹಳೆಯ ಟೈರಿನಲ್ಲಿ ಗೀರುಗಳು ಉಳಿದಿರಬಹುದು, ಆದರೆ ರಬ್ಬರು ಕಲ್ಲಾಗಿರುತ್ತದೆ. ಆ ಕಾಲದ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದುವ ಅಭ್ಯಾಸ ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ.

ಯಾವುದನ್ನು ಉಳಿಸಬೇಕು?

ಹೀಗೆ ನೋಡಿದರೆ ಒಂದು ಗೆರೆ ತಾನಾಗಿ ಮೂಡುತ್ತದೆ. ಸವೆಯಲೆಂದೇ ಮಾಡಿದ ಭಾಗಗಳಿವೆ: ಸೀಲು, ರಿಂಗು, ಕ್ಲಚ್ ಪ್ಲೇಟು, ಕೇಬಲ್ಲು, ಲೈನರು, ಟೈರು. ಇವುಗಳನ್ನು ಬದಲಿಸುವುದು ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಂತೆ. ಒಡೆದ ಹೆಂಚು ತೆಗೆದು ಬೇರೆ ಹೆಂಚು ಇಟ್ಟರೆ ಮನೆ ಬೇರೆಯಾಯಿತು ಎಂದು ಯಾರೂ ಹೇಳುವುದಿಲ್ಲ. ಮನೆ ಉಳಿಯುವುದೇ ಹಾಗೆ.

ಉಳಿಯಲೆಂದೇ ಮಾಡಿದ ಭಾಗಗಳು ಬೇರೆ. ಫ್ರೇಮು, ಎಂಜಿನ್ ಕವಚ, ಸಿಲಿಂಡರು, ಟ್ಯಾಂಕು, ಮಡ್‌ಗಾರ್ಡು, ಸರಪಳಿಯನ್ನು ಪೂರ್ತಿ ಮುಚ್ಚುವ ತಗಡಿನ ಹೊದಿಕೆ. ಇವು ತೊಲೆ, ಕಂಬ, ಗೋಡೆಗಳಿದ್ದಂತೆ. ಮಡ್‌ಗಾರ್ಡು ತುಕ್ಕು ತಿಂದು ತೂತಾಗಿದ್ದರೆ, ಅಂಗಡಿಯಲ್ಲಿ ಹೊಸದಾಗಿ ಅಚ್ಚೊತ್ತಿದ ತೆಳು ತಗಡಿನದು ಸಿಗುತ್ತದೆ; ಹಳೆಯದನ್ನು ಗುಜರಿಗೆ ಕೊಟ್ಟು ಅದನ್ನು ಹಾಕುವುದು ಸುಲಭ. ಹಳೆಯದರ ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ತೇಪೆ ಬೆಸೆದು, ತಟ್ಟಿ ಸರಿಮಾಡಲು ಒಬ್ಬ ಒಳ್ಳೆಯ ಟಿಂಕರ್ ಕೆಲಸಗಾರ ಬೇಕು, ನಾಲ್ಕು ದಿನ ಬೇಕು. ಹಾಗೆ ಮಾಡಿದರೆ ಮೈಸೂರಿನ ತಗಡು ಉಳಿಯುತ್ತದೆ, ಆ ಟಿಂಕರನ ವಿದ್ಯೆಯೂ ಉಳಿಯುತ್ತದೆ.

ಮೂರನೆಯ ಬಗೆಯ ಸುಧಾರಣೆಗಳೂ ಇವೆ. 6 ವೋಲ್ಟನ್ನು 12 ವೋಲ್ಟಿಗೆ ಏರಿಸುವುದು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು. ನಿತ್ಯ ರಸ್ತೆಗೆ ಇಳಿಯುವವನಿಗೆ ಇವು ಬೇಕಾಗಬಹುದು, ತಪ್ಪೇನಿಲ್ಲ. ಆದರೆ ಮೂಲ ಭಾಗಕ್ಕೆ ತೂತು ಕೊರೆಯದೆ, ಕತ್ತರಿಸದೆ, ಮುಂದೆ ಯಾರಾದರೂ ಬಯಸಿದರೆ ಬಿಚ್ಚಿ ಹಳೆಯದನ್ನೇ ಕೂರಿಸುವಂತೆ ಮಾಡಬೇಕು. ತೆಗೆದ ಡೈನಮೋವನ್ನು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಹೆಸರು ಬರೆದು ಇಟ್ಟರೆ ಅದು ಮುಂದಿನವನಿಗೆ ಬರೆದ ಪತ್ರದಂತೆ.

ಕಾನೂನು ಕೂಡ ಈಗ ಈ ಮಾತನ್ನು ತನ್ನದೇ ಭಾಷೆಯಲ್ಲಿ ಹೇಳುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಗಳಿಗಷ್ಟೇ ರಸ್ತೆಗೆ ಇಳಿಸಬಹುದು. 1960ರ ದಶಕದ ಜಾವಾಗಳೆಲ್ಲ ಈಗ ಈ ವಯಸ್ಸಿಗೆ ಬಂದಿವೆ. ಇನ್ನೊಂದು ದಾರಿ, 15 ವರ್ಷದ ನಂತರ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದು. ಯಾವ ದಾರಿ ಹಿಡಿದರೂ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಉಜ್ಜಿ ಅಳಿಸಿದವನಿಗೆ ಬಾಗಿಲು ಮುಚ್ಚಿದಂತೆಯೇ. ಬಣ್ಣ ಬಳಿಯುವ ಉತ್ಸಾಹದಲ್ಲಿ ಈ ಅನಾಹುತ ಮಾಡಿಕೊಂಡವರಿದ್ದಾರೆ.

ಬಣ್ಣದ ಪ್ರಶ್ನೆ

ಇನ್ನು ಮಂಡ್ಯದ ಆ ಕೊಟ್ಟಿಗೆಗೆ ಮರಳಬಹುದು. ಎಂಜಿನ್ನಿನ ಕೆಲಸ ಮುಗಿದಿದೆ. ಮಗನ ಮನಸ್ಸಿನಲ್ಲಿ ಗಾಢ ಕೆಂಪು ಬಣ್ಣ, ಕನ್ನಡಿಯಂಥ ಕ್ರೋಮಿನ ಟ್ಯಾಂಕು, ಹೊಸ ಗೆರೆಗಳು. ಪೇಂಟ್ ಅಂಗಡಿಗೆ ಒಯ್ಯಲು ಹಿಂದಿನ ಮಡ್‌ಗಾರ್ಡನ್ನು ಬಿಚ್ಚುತ್ತಿದ್ದಾನೆ. ಅದರ ಎರಡೂ ಪಕ್ಕ ಬಣ್ಣ ಸವೆದು, ತಗಡು ಬರಿದಾಗಿ, ಬೋಗುಣಿಯಂತೆ ಸ್ವಲ್ಪ ಒಳಸರಿದಿದೆ. ಬಾಗಿಲಲ್ಲಿ ನಿಂತ ತಾಯಿ ಹೇಳುತ್ತಾಳೆ: “ಅದನ್ನ ಉಜ್ಜಿಸ್ಬೇಡ ಕಣಪ್ಪ. ನಿಮ್ಮಪ್ಪ ಹಾಲಿನ ಕ್ಯಾನು ನೇತಾಕ್ತಿದ್ದ ಜಾಗ ಅದು.”

ಆ ಹೆಂಗಸಿಗೆ ಆ ಸವೆತ ದೋಷವಾಗಿ ಕಾಣುವುದಿಲ್ಲ. ದಿನವೂ ನಸುಕಿನಲ್ಲಿ, ವರ್ಷಗಟ್ಟಲೆ, ಎರಡು ಕ್ಯಾನುಗಳು ಆ ತಗಡಿಗೆ ಉಜ್ಜಿ ಉಜ್ಜಿ ಬರೆದ ಲೆಕ್ಕ ಅದು. ಆ ಹಾಲಿನಿಂದಲೇ ಮನೆ ನಡೆದದ್ದು, ಮಗ ಓದಿದ್ದು. ಕಾರ್ಖಾನೆಯಿಂದ ಹೊರಬಂದ ದಿನದಂತೆಯೇ ಗಾಡಿಯನ್ನು ಮಾಡುತ್ತೇನೆ ಎಂದು ಹೊರಟರೆ, ಆ ದಿನದ ನಂತರ ಅದು ಬಾಳಿದ ಬಾಳನ್ನೆಲ್ಲ ಅಳಿಸಬೇಕಾಗುತ್ತದೆ.

ಆದರೆ ತುಕ್ಕನ್ನು ಹಾಗೆಯೇ ಬಿಟ್ಟರೆ ಮಡ್‌ಗಾರ್ಡೇ ಉಳಿಯುವುದಿಲ್ಲ ಎಂಬುದೂ ನಿಜ. ಪ್ರೀತಿಯಿಂದ ಏನನ್ನೂ ಮುಟ್ಟದೆ ಬಿಡುವವನೂ ಗಾಡಿಯನ್ನು ಕಳೆದುಕೊಳ್ಳುತ್ತಾನೆ, ಉತ್ಸಾಹದಿಂದ ಎಲ್ಲವನ್ನೂ ಬದಲಿಸುವವನೂ ಕಳೆದುಕೊಳ್ಳುತ್ತಾನೆ. ನಡುವೆ ಒಂದು ದಾರಿ ಇದೆ. ಜೀವಂತ ತುಕ್ಕನ್ನು ಮಾತ್ರ ಕೈಯಿಂದ ಉಜ್ಜಿ ತೆಗೆದು, ತುಕ್ಕು ತಡೆಯುವ ದ್ರಾವಣ ಹಚ್ಚಿ, ಮೇಲೆ ಬಣ್ಣವಿಲ್ಲದ ಲ್ಯಾಕರನ್ನೋ ಮೇಣವನ್ನೋ ಲೇಪಿಸಬಹುದು. ಉಳಿದ ಕಡೆ ಮೂಲ ಬಣ್ಣ ಇದ್ದಲ್ಲಿ ಪಾಲಿಶ್ ಸಾಕು. ಪೂರ್ತಿ ಹೋದಲ್ಲಿ ಹೊಸ ಬಣ್ಣ. ಪೂರ್ತಿ ಬಣ್ಣ ಬಳಿಯಲೇಬೇಕಾದರೂ, ಕಣ್ಣಿಗೆ ಬೀಳದ ಒಂದು ಜಾಗದಲ್ಲಿ, ಟ್ಯಾಂಕಿನ ಕೆಳಗೋ ಸೀಟಿನಡಿಯೋ, ಅಂಗೈಯಗಲ ಹಳೆಯ ಬಣ್ಣವನ್ನು ಹಾಗೇ ಬಿಡಬೇಕು. ನಿಜವಾದ ಬಣ್ಣ ಯಾವುದಿತ್ತು ಎಂದು ಮುಂದೊಮ್ಮೆ ಯಾರಾದರೂ ಕೇಳಿದರೆ ಗಾಡಿಯೇ ಉತ್ತರ ಹೇಳುತ್ತದೆ.

ಕೈಗಳ ಸಾಲು

ಈ ವಿದ್ಯೆಯೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ. ಕ್ಲಚ್ ಪ್ಲೇಟು ಎಷ್ಟು ಸವೆದರೆ ಸಾಕು, ಸದ್ದು ಕೇಳಿ ಯಾವ ಬೇರಿಂಗು ಎಂದು ಹೇಳುವುದು ಹೇಗೆ, ಯಾವ ನಟ್ಟನ್ನು ಎಷ್ಟು ಬಿಗಿದರೆ ಸಾಕು ಎಂಬುದೆಲ್ಲ ಕೈಯಿಂದ ಕೈಗೆ ದಾಟಿ ಬಂದದ್ದು. ಮೈಸೂರು, ಬೆಂಗಳೂರುಗಳ ಹಳೆಯ ಗ್ಯಾರೇಜುಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಂದು ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಅದು ಯಾವ ಗಾಡಿಯದೆಂದು ಹೇಳುವ ಮೇಸ್ತ್ರಿಗಳಿದ್ದರು. ಕೆಲವರು ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಗಾಡಿಗಳ ಒಡೆಯರು ಊರೂರುಗಳಲ್ಲಿ ಸೇರಿ ಜಾವಾ ದಿನ ಆಚರಿಸುತ್ತಾರೆ. ಸಾಲಾಗಿ ನಿಂತ ಹೊಳೆಯುವ ಟ್ಯಾಂಕುಗಳನ್ನು ನೋಡಲು ಜನ ನೆರೆಯುತ್ತಾರೆ. ಆ ಸಾಲಿನ ಹಿಂದೆ ಎಣ್ಣೆ ಹತ್ತಿದ ಕೈಗಳ ಇನ್ನೊಂದು ಸಾಲಿದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಮನೆಯಲ್ಲಿ ಗಾಡಿ ಬಿಚ್ಚಿ ಕುಳಿತವನಿಗೆ ಒಂದು ನೋಟ್‌ಬುಕ್ಕು ಪಾನಾದಷ್ಟೇ ಮುಖ್ಯ. ಸಿಲಿಂಡರು ಎಷ್ಟು ಅಳತೆಗೆ ಬೋರ್ ಆಯಿತು, ಯಾವ ಸೀಲು ಹಾಕಿತು, ಯಾವ ಭಾಗ ಮೂಲದ್ದು, ಯಾವುದು ಆಮೇಲಿನದು, ಯಾವ ಮೇಸ್ತ್ರಿ ಯಾವ ಗುಟ್ಟು ಹೇಳಿಕೊಟ್ಟ ಎಂದೆಲ್ಲ ದಿನಾಂಕ ಸಹಿತ ಬರೆದಿಡಬೇಕು. ಹಿಂದಿನವರು ಜೀರ್ಣೋದ್ಧಾರ ಮಾಡಿದರೆ ಅದನ್ನೂ ಕಲ್ಲಿನಲ್ಲಿ ಬರೆಸುತ್ತಿದ್ದರು. ಇವನಿಗೆ ಕಲ್ಲು ಬೇಡ, ನೂರು ಹಾಳೆಯ ನೋಟ್‌ಬುಕ್ಕು ಸಾಕು.

ಕೆಲಸ ಮುಗಿದ ದಿನ ಆ ಮಗ ಕಡ್ಡಿಯನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುತ್ತಾನೆ. ಮೊದಲ ಸಲ ಏನೂ ಆಗದಿರಬಹುದು, ಐದನೆಯ ಸಲವೂ ಆಗದಿರಬಹುದು. ಪ್ಲಗ್ ಒರೆಸಿ ಮತ್ತೆ ಹೊಡೆಯುತ್ತಾನೆ. ಕೊನೆಗೆ ಬಿಳಿಯ ಹೊಗೆ ಎದ್ದು, ಎರಡೂ ಸೈಲೆನ್ಸರುಗಳಿಂದ ಆ ಪರಿಚಿತ ಸದ್ದು ಬಂದಾಗ, ಒಳಮನೆಯಲ್ಲಿದ್ದ ತಾಯಿ ಹೊರಗೆ ಬರುತ್ತಾಳೆ. ಟ್ಯಾಂಕು ಎಷ್ಟು ಹೊಳೆಯುತ್ತದೆ ಎಂದು ನೋಡಲು ಆಕೆ ಬಂದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಬೆಳಗಿನ ಜಾವ ಹೊರಟುಹೋಗುತ್ತಿದ್ದ ಸದ್ದು ಅದೇ ಹೌದೇ ಎಂದು ಕೇಳಲು ಬಂದದ್ದು. ಆಕೆ ತಲೆದೂಗಿದರೆ ಅವನು ಮಾಡಿದ್ದು ಜೀರ್ಣೋದ್ಧಾರ.